ನಟನೆ ಅತಿಯಾಯಿತು ಎನ್ನುವ ಮೊದಲು ಚಿತ್ರದ ಶ್ರುತಿಯನ್ನು ಕೇಳಿಸಿಕೊಳ್ಳಿ

ಪ್ರಶ್ನೆ: ನಾನು ವಿರಾಜಪೇಟೆಯ ಕಾಲೇಜು ವಿದ್ಯಾರ್ಥಿನಿ. ಮಳೆಗೆ ರಜೆ ಕೊಟ್ಟ ದಿನ ಮನೆಯವರೆಲ್ಲ ಕುಳಿತು ‘ಶರಪಂಜರ’ ನೋಡಿದೆವು. ಕಲ್ಪನಾ ಅವರ ನಟನೆ ನನಗೆ ಅತಿಯಾಯಿತು ಅನ್ನಿಸಿತು. ಅಂಥ ನಟನೆ ಮತ್ತೆ ಬರಲೇ ಇಲ್ಲ ಎಂದು ನನ್ನ ಸೋದರಮಾವ ವಾದಿಸಿದರು. ನನಗೆ ಇಷ್ಟವಾದದ್ದು ‘ತಿಥಿ’. ಅಲ್ಲಿ ಯಾರೂ ನಟಿಸಿದಂತೆಯೇ ಕಾಣುವುದಿಲ್ಲ. ಒಳ್ಳೆಯ ನಟನೆಯನ್ನು ಗುರುತಿಸುವುದು ಹೇಗೆ? ಅದರಲ್ಲಿ ನಟರ ಪಾಲೆಷ್ಟು, ನಿರ್ದೇಶಕರ ಪಾಲೆಷ್ಟು? ‘ಮುಂಗಾರು ಮಳೆ’ಯಂಥ ಚಿತ್ರದಲ್ಲಿ ನಿಜವಾಗಿ ನಟಿಸಿದ್ದು ನಮ್ಮ ಬೆಟ್ಟ ಮತ್ತು ಮಳೆ ಎಂದು ಗೆಳತಿಯರು ಹೇಳುವುದು ಸರಿಯೇ?

ಉತ್ತರ: ನೀವೂ ನಿಮ್ಮ ಮಾವನೂ ವಾದಕ್ಕಿಳಿದ ಚಿತ್ರವನ್ನು ನಾನು ಮಡಿಕೇರಿಯಲ್ಲಿ ನಡೆಸುವ ಸಿನಿಮಾ ರಸಗ್ರಹಣ ಶಿಬಿರಗಳಲ್ಲಿ ಹಲವು ಸಲ ತೋರಿಸಿದ್ದೇನೆ. ಪ್ರತಿ ಸಲವೂ ಸಭೆ ನಿಮ್ಮ ಮನೆಯಂತೆಯೇ ಇಬ್ಭಾಗವಾಗುತ್ತದೆ. ಮುಂದೆ ಕುಳಿತ ಹಿರಿಯರು ಕಣ್ಣೊರೆಸಿಕೊಳ್ಳುತ್ತಿರುವಾಗಲೇ ಹಿಂದಿನ ಸಾಲಿನಿಂದ ಮುಸಿನಗೆ ಕೇಳಿಸುತ್ತದೆ. ಆ ನಗೆಯ ಬಗ್ಗೆ ನನಗೆ ಸಿಟ್ಟಿಲ್ಲ, ಆದರೆ ನಗುವವರು ಕಳೆದುಕೊಳ್ಳುತ್ತಿರುವುದೇನು ಎಂಬುದನ್ನು ನೆನೆದು ಸಂಕಟವಾಗುತ್ತದೆ. ಆದ್ದರಿಂದ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ‘ಶರಪಂಜರ’ದ ವಿಷಯದಲ್ಲಿ ನಾನು ನಿಮ್ಮ ಮಾವನ ಪಕ್ಷ. ‘ತಿಥಿ’ಯನ್ನು ನೀವು ಮೆಚ್ಚಿದ್ದು ನೂರಕ್ಕೆ ನೂರು ಸರಿ, ಆದರೆ ಮೆಚ್ಚುಗೆಗೆ ನೀವು ಕೊಟ್ಟ ಕಾರಣವನ್ನು ನಾನು ಒಪ್ಪಲಾರೆ.

ನಟನೆ ಅತಿಯಾಯಿತು ಎನ್ನುವಾಗ ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದೇವೆ ಎಂದು ನಾವು ಕೇಳಿಕೊಳ್ಳುವುದು ಕಡಿಮೆ. ನಿತ್ಯದ ಬದುಕಿಗೆ ಹೋಲಿಸಿ ಎಂಬ ಉತ್ತರ ಥಟ್ಟನೆ ಬರುತ್ತದೆ. ಆದರೆ ನಿತ್ಯದ ಬದುಕಿನಲ್ಲಿ ಯಾರೂ ಬೆಟ್ಟದ ನೆತ್ತಿಯಲ್ಲಿ ನಿಂತು ವಾದ್ಯವೃಂದದೊಡನೆ ಹಾಡುವುದಿಲ್ಲ, ಒಂದು ಸಂಸಾರದ ಏಳುಬೀಳೆಲ್ಲ ಎರಡೂವರೆ ಗಂಟೆಯಲ್ಲಿ ಮುಗಿಯುವುದೂ ಇಲ್ಲ. ನಮ್ಮ ಕೊಡಗಿನ ಸುಗ್ಗಿಹಬ್ಬವಾದ ಪುತ್ತರಿಯ ದಿನಗಳಲ್ಲಿ ದುಡಿ ಬಾರಿಸುತ್ತ ಹಾಡುವವರನ್ನು ನೀವು ಕೇಳಿಯೇ ಇರುತ್ತೀರಿ. ಅವರು ಹಿಡಿದ ಶ್ರುತಿ ಎತ್ತರದ್ದೋ ತಗ್ಗಿನದೋ ಎಂದು ಯಾರೂ ತಕರಾರು ತೆಗೆಯುವುದಿಲ್ಲ; ಹಾಡುವವರಲ್ಲಿ ಒಬ್ಬರ ದನಿ ಜಾರಿದರೆ ಮಾತ್ರ ಕಿವಿಗೆ ಚುಚ್ಚುತ್ತದೆ. ಚಿತ್ರವೂ ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ತನ್ನ ಶ್ರುತಿಯನ್ನು ಕಟ್ಟಿಕೊಳ್ಳುತ್ತದೆ. ಮಾತು ಎಷ್ಟು ಬಿಗಿ, ಮುಖಕ್ಕೆ ಕ್ಯಾಮೆರಾ ಎಷ್ಟು ಹತ್ತಿರ, ಸಂಗೀತ ಎಷ್ಟು ದಟ್ಟ, ಮೌನಕ್ಕೆ ಎಷ್ಟು ಜಾಗ ಎಂಬುದೆಲ್ಲ ಸೇರಿ ಆ ಶ್ರುತಿಯಾಗುತ್ತದೆ. ಅದನ್ನು ನಿರ್ಧರಿಸಿ ಕೊನೆಯ ದೃಶ್ಯದವರೆಗೆ ಕಾಯುವುದು ನಿರ್ದೇಶಕರ ಹೊಣೆ. ಅದರೊಳಗೆ ಉಸಿರಾಡುವ ಮನುಷ್ಯರನ್ನು ತಂದು ನಿಲ್ಲಿಸುವುದು ನಟರ ಹೊಣೆ. ಶ್ರುತಿ ತಪ್ಪಿದ ನಟನೆ ಅತಿಯೂ ಆಗಬಹುದು, ತೀರ ಮಂದವೂ ಆಗಬಹುದು. ಮಂದವಾದದ್ದನ್ನು ನಾವು ಈಚೆಗೆ ಸಹಜ ಎಂದು ಕರೆದು ಕ್ಷಮಿಸಿಬಿಡುತ್ತಿದ್ದೇವೆ ಎಂಬುದು ನನ್ನ ದೂರು.

ಈಗ ‘ಶರಪಂಜರ’ಕ್ಕೆ ಬರೋಣ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಈ ಚಿತ್ರ ಬಂದದ್ದು 1971ರಲ್ಲಿ. ಅದಕ್ಕೂ ಮೊದಲೇ ಪುಟ್ಟಣ್ಣನವರು ‘ಬೆಳ್ಳಿಮೋಡ’ ಮತ್ತು ‘ಗೆಜ್ಜೆಪೂಜೆ’ಗಳಲ್ಲಿ ಕಲ್ಪನಾ ಅವರೊಡನೆ ಕೆಲಸ ಮಾಡಿದ್ದರು, ಆ ದನಿ ಎಲ್ಲಿಯವರೆಗೆ ಏರಬಲ್ಲದು, ಎಲ್ಲಿ ಒಡೆಯುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಲ್ಪನಾ ಅವರ ಪಾತ್ರವಾದ ಕಾವೇರಿಯನ್ನು ಚಿತ್ರದ ಮೊದಲ ಭಾಗದಲ್ಲಿ ನೆನಪಿಸಿಕೊಳ್ಳಿ. ನಗು ದೊಡ್ಡದು, ಮಾತು ಚುರುಕು, ಕೈಗಳು ಸುಮ್ಮನಿರುವುದೇ ಇಲ್ಲ. ಕೊಡಗಿನ ಹೆಸರನ್ನೂ ಕಾವೇರಿಯ ಹೆಸರನ್ನೂ ಒಂದೇ ಸಾಲಿನಲ್ಲಿ ಪೋಣಿಸಿದ ಆ ಹಾಡಿನಲ್ಲಿ ಅವಳು ತುಂಬಿದ ಹೊಳೆಯಂತೆಯೇ ಇದ್ದಾಳೆ. ಚಿತ್ರದ ಶ್ರುತಿ ಎತ್ತರದ್ದು ಎಂದು ಪುಟ್ಟಣ್ಣನವರು ಅಲ್ಲಿಯೇ ತಿಳಿಸಿಬಿಟ್ಟಿದ್ದಾರೆ. ನೀವು ಅತಿ ಎಂದ ಕೊನೆಯ ಭಾಗದ ಆರ್ಭಟವನ್ನು ಈ ಸಂತೋಷದ ಅಳತೆಯಿಂದ ನೋಡಬೇಕು. ಅದೇ ಹೊಳೆ ದಡ ಮೀರಿದರೆ ಹೇಗಿರುತ್ತದೆಂಬುದನ್ನು ಅಲ್ಲಿ ಕಾಣುತ್ತೇವೆ.

ಆದರೆ ಕಲ್ಪನಾ ಅವರ ದೊಡ್ಡತನ ನನಗೆ ಕಾಣುವುದು ಆರಂಭದಲ್ಲೂ ಅಲ್ಲ, ಅಂತ್ಯದಲ್ಲೂ ಅಲ್ಲ. ನಡುವಿನಲ್ಲಿ, ಮಾನಸಿಕ ಕಾಯಿಲೆ ಗುಣವಾಗಿ ಕಾವೇರಿ ಮನೆಗೆ ಮರಳಿದ ಮೇಲೆ. ಅವಳು ವಾಸಿಯಾಗಿದ್ದಾಳೆ, ಆದರೆ ಸುತ್ತಲಿನವರ ಕಣ್ಣಿನಲ್ಲಿ ಇನ್ನೂ ರೋಗಿ; ಗಂಡನ ಮನಸ್ಸು ಬೇರೆ ಕಡೆ ವಾಲಿದೆ. ಇಲ್ಲಿ ನಟಿ ತನ್ನ ದನಿಯನ್ನೆಲ್ಲ ಒಳಗೆಳೆದುಕೊಳ್ಳುತ್ತಾರೆ. ಜೋರಾಗಿ ನಕ್ಕರೆ ಹುಚ್ಚು ಎಂದಾರು, ಸುಮ್ಮನೆ ಕುಳಿತರೂ ಅದನ್ನೇ ಅಂದಾರು ಎಂಬ ಭಯದಲ್ಲಿ ಕಾವೇರಿ ತನ್ನ ನಗುವನ್ನೂ ಅಳೆದು ನಗುತ್ತಾಳೆ. ತಾನು ಸ್ವಸ್ಥಳೆಂದು ಪ್ರತಿ ಗಳಿಗೆಯೂ ರುಜುವಾತು ಮಾಡಬೇಕಾದ ಹೆಂಗಸಿನ ದಣಿವು ಅದು. ನಟಿಯೊಬ್ಬರು ನಟಿಸುತ್ತಿರುವ ಪಾತ್ರವೇ ಇಲ್ಲಿ ಮನೆಯವರೆದುರು ನಟಿಸಬೇಕಾಗಿದೆ. ಈ ಎರಡು ಪದರಗಳನ್ನು ಒಟ್ಟಿಗೆ ಹಿಡಿಯುವುದು ಕಷ್ಟದ ಕೆಲಸ. ಆ ಭಾಗವನ್ನು ಗಮನವಿಟ್ಟು ನೋಡಿದವರಿಗೆ ಕೊನೆಯ ಕೂಗು ಅತಿಯಾಗಿ ಕೇಳಿಸದು, ಅಷ್ಟು ಹೊತ್ತು ಅದುಮಿಟ್ಟದ್ದೆಲ್ಲ ಹೊರಬಂದಂತೆ ಕೇಳಿಸುತ್ತದೆ.

ನಟರ ಪಾಲೆಷ್ಟು, ನಿರ್ದೇಶಕರ ಪಾಲೆಷ್ಟು ಎಂಬುದಕ್ಕೆ ನನ್ನ ಅನುಭವದ ಒಂದು ಸಂಗತಿಯನ್ನು ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ಮಡಿಕೇರಿಯ ರಾಜಾಸೀಟಿನಲ್ಲಿ ಒಂದು ಚಿತ್ರದ ಶೂಟಿಂಗ್ ನಡೆಯುತ್ತಿತ್ತು. ನಾಯಕಿ ಕಟ್ಟೆಯ ಬಳಿ ನಿಂತು ಕಣಿವೆಯ ಕಡೆ ನೋಡಬೇಕು, ಅಷ್ಟೇ. ಶಾಟ್ ಶುರುವಾಗುತ್ತಲೇ ಮಂಜು ಕವಿಯುತ್ತಿತ್ತು, ಮಂಜು ಸರಿಯುವ ಹೊತ್ತಿಗೆ ಬೆಳಕು ಬದಲಾಗುತ್ತಿತ್ತು. ಆರೇಳು ಟೇಕ್ ಆದ ಮೇಲೆ ಆ ನಟಿಯ ಮುಖದಲ್ಲಿ ಇಲ್ಲದ ದುಃಖವನ್ನು ತುಂಬಿಕೊಳ್ಳುವ ಹೆಣಗಾಟ ಮಾತ್ರ ಉಳಿದಿತ್ತು. ಆಗ ನಿರ್ದೇಶಕರು ಹತ್ತಿರ ಬಂದು ಮೆಲ್ಲಗೆ ಹೇಳಿದ ಮಾತು ಹಗ್ಗದ ಈಚೆ ನಿಂತಿದ್ದ ನಮಗೂ ಕೇಳಿಸಿತು: “ದುಃಖ ಪಡಬೇಡಿ ಅಮ್ಮ. ಕೆಳಗೆ ರಸ್ತೆಯಲ್ಲಿ ಒಂದು ಬಸ್ಸು ಬರ್ತಾ ಇದೆ, ಅದರ ಬಣ್ಣ ಯಾವುದು ಅಂತ ನೋಡಿ ಹೇಳಿ, ಸಾಕು.” ಅವರು ಕಣ್ಣು ಕಿರಿದಾಗಿಸಿ, ಕತ್ತನ್ನು ತುಸು ಮುಂದೆ ಚಾಚಿ, ಮರಗಳ ಮರೆಯಲ್ಲಿ ಕಂಡು ಮಾಯವಾಗುತ್ತಿದ್ದ ಬಸ್ಸನ್ನು ಹುಡುಕಿದರು. ಕ್ಯಾಮೆರಾ ಓಡಿತು. ತಿಂಗಳುಗಳ ನಂತರ ಟಾಕೀಸಿನಲ್ಲಿ ಅದೇ ದೃಶ್ಯ ಬಂದಾಗ ನನ್ನ ಪಕ್ಕದಲ್ಲಿದ್ದ ಅಮ್ಮ ನಿಟ್ಟುಸಿರು ಬಿಟ್ಟು, “ಪಾಪ, ಎಷ್ಟು ಕಾಯ್ತಾಳೆ” ಎಂದರು. ಸಿನಿಮಾವನ್ನು ಬರಿಯ ಕಥೆಯಾಗಿ ನೋಡುವುದನ್ನು ನಾನು ಬಿಟ್ಟದ್ದು ಆ ದಿನ.

ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು ನೂರು ವರ್ಷಗಳ ಹಿಂದೆ ಇದನ್ನೇ ಒಂದು ಪ್ರಯೋಗವಾಗಿ ಮಾಡಿದ್ದರು. ನಟನೊಬ್ಬನ ಭಾವಶೂನ್ಯ ಮುಖದ ಒಂದೇ ತುಣುಕನ್ನು ಒಮ್ಮೆ ಸೂಪಿನ ಬಟ್ಟಲಿಗೆ, ಒಮ್ಮೆ ಶವಪೆಟ್ಟಿಗೆಗೆ, ಒಮ್ಮೆ ಒಬ್ಬ ಹೆಂಗಸಿನ ಚಿತ್ರಕ್ಕೆ ಜೋಡಿಸಿ ತೋರಿಸಿದರೆ, ನೋಡಿದವರು ಅದೇ ಮುಖದಲ್ಲಿ ಹಸಿವನ್ನೂ ಶೋಕವನ್ನೂ ಆಸೆಯನ್ನೂ ಕಂಡರಂತೆ. ಇದನ್ನು ಕೇಳಿದವರು ಹಾಗಾದರೆ ಸಿನಿಮಾದಲ್ಲಿ ನಟನೆಗೆ ಬೆಲೆಯೇ ಇಲ್ಲ ಎಂದು ಅವಸರದ ತೀರ್ಮಾನಕ್ಕೆ ಬರುತ್ತಾರೆ. ನಾನು ಹಾಗೆ ಓದುವುದಿಲ್ಲ. ಮುಖದಲ್ಲಿ ಎಲ್ಲವನ್ನೂ ಬರೆದು ಮುಗಿಸಬೇಕಾಗಿಲ್ಲ, ನೋಡುವವರು ತುಂಬಿಕೊಳ್ಳಲು ಜಾಗ ಬಿಡಬೇಕು ಎಂಬ ಪಾಠ ಅದರಲ್ಲಿದೆ. ಆ ಜಾಗವನ್ನು ಎಷ್ಟು ಬಿಡಬೇಕೆಂದು ಬಲ್ಲ ನಟರು ಬೇಕು, ಬಿಟ್ಟ ಜಾಗದ ಪಕ್ಕದಲ್ಲಿ ಏನನ್ನಿಡಬೇಕೆಂದು ಬಲ್ಲ ನಿರ್ದೇಶಕರೂ ಬೇಕು. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಚಿತ್ರವನ್ನು ಕಥೆಯ ಅನುಕ್ರಮದಲ್ಲಿ ತೆಗೆಯುವುದು ಅಪರೂಪ. ಒಂದು ಸ್ಥಳದ ದೃಶ್ಯಗಳನ್ನೆಲ್ಲ ಒಟ್ಟಿಗೆ ಮುಗಿಸುತ್ತಾರೆ. ಮಡಿಕೇರಿಗೆ ಬಂದ ತಂಡ ಬೆಳಿಗ್ಗೆ ಅಗಲಿಕೆಯನ್ನೂ ಮಧ್ಯಾಹ್ನ ಮೊದಲ ಭೇಟಿಯನ್ನೂ ತೆಗೆದುಕೊಂಡು ಹೋಗಬಹುದು. ಆಗ ಪಾತ್ರದ ಮನಸ್ಸು ಯಾವ ಹಂತದಲ್ಲಿದೆ ಎಂಬ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ನಟರಿಗೆ ನೆನಪಿಸುವವರು ನಿರ್ದೇಶಕರೇ. ತೆರೆಯ ಮೇಲೆ ಈ ಕೆಲಸ ಕಾಣುವುದಿಲ್ಲವಾದ್ದರಿಂದ ಅದಕ್ಕೆ ಸಲ್ಲಬೇಕಾದ ಮೆಚ್ಚುಗೆಯೂ ಸಲ್ಲುವುದಿಲ್ಲ.

‘ತಿಥಿ’ಯಲ್ಲಿ ಯಾರೂ ನಟಿಸಿದಂತೆ ಕಾಣುವುದಿಲ್ಲ ಎಂದಿರಿ. ರಾಮ್ ರೆಡ್ಡಿ ನಿರ್ದೇಶಿಸಿದ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು ಮರುವರ್ಷ ನಮ್ಮಲ್ಲಿ ಬಿಡುಗಡೆಯಾದ ಆ ಚಿತ್ರದಲ್ಲಿ ಪಾತ್ರ ವಹಿಸಿದವರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಮತ್ತು ಸುತ್ತಮುತ್ತಲಿನ ಜನ. ಅದೇ ಊರಿನ ನಂಟಿದ್ದ ಈರೇಗೌಡರು ನಿರ್ದೇಶಕರೊಡನೆ ಸೇರಿ ಚಿತ್ರಕಥೆಯನ್ನು ಹೆಣೆದರು. ಗಡ್ಡಪ್ಪನ ನಡಿಗೆ, ಸೆಂಚುರಿ ಗೌಡರ ಬೈಗುಳ, ತಮ್ಮಣ್ಣನ ಗಡಿಬಿಡಿ ಎಲ್ಲವೂ ಆಯಾ ಮನುಷ್ಯರ ಮೈಗೆ ಹೊಂದುವಂತೆ ಬರೆದದ್ದು. ಪಾತ್ರಕ್ಕೆ ತಕ್ಕ ನಟನನ್ನು ಹುಡುಕುವ ಬದಲು ಮನುಷ್ಯನಿಗೆ ತಕ್ಕ ಪಾತ್ರವನ್ನು ಹೊಲಿದರು. ಹೊಲಿಗೆ ಕಾಣದಂತೆ ಹೊಲಿದಿದ್ದಾರೆ ಎಂಬುದಕ್ಕೆ ನಿಮ್ಮ ಮೆಚ್ಚುಗೆಯೇ ಸಾಕ್ಷಿ, ಆದರೆ ಹೊಲಿಗೆ ಇದೆ. ಕುರಿಗಾಹಿಗಳೊಡನೆ ಕುಳಿತು ಗಡ್ಡಪ್ಪ ತನ್ನ ಬದುಕಿನ ಕಹಿಯನ್ನು ಹೇಳಿಕೊಳ್ಳುವ ದೃಶ್ಯವನ್ನು ಮತ್ತೊಮ್ಮೆ ನೋಡಿ. ದನಿಯಲ್ಲಿ ಏರಿಳಿತವಿಲ್ಲ, ನಿನ್ನೆಯ ಮಳೆಯ ಸುದ್ದಿ ಹೇಳಿದಷ್ಟೇ ಸಲೀಸಾಗಿ ಹೇಳುತ್ತಾನೆ. ಅಲ್ಲಿಯವರೆಗೆ ಅವನನ್ನು ಯಾವ ಚಿಂತೆಯೂ ಇಲ್ಲದ ಅಲೆಮಾರಿಯೆಂದುಕೊಂಡಿದ್ದ ನಮಗೆ ಎದೆ ಧಸಕ್ಕೆನ್ನುತ್ತದೆ. ಆ ಮಾತು ಚಿತ್ರದ ಮೊದಲ ಅರ್ಧ ಗಂಟೆಯಲ್ಲಿ ಬಂದಿದ್ದರೆ ಅಷ್ಟು ಭಾರವಾಗುತ್ತಿರಲಿಲ್ಲ. ಅವನನ್ನು ಅಷ್ಟು ಹೊತ್ತು ಬೀಡಿ ಸೇದುತ್ತ ನಡೆಯಲು ಬಿಟ್ಟು ಕಾದದ್ದು ನಿರ್ದೇಶನ. ಇದೇ ಹಿರಿಯರು ಮುಂದೆ ಬೇರೆ ಚಿತ್ರಗಳಲ್ಲೂ ಕಾಣಿಸಿಕೊಂಡರು. ಜನ ಅವರ ಮಾತಿಗೆ ನಕ್ಕರು, ಆದರೆ ಆ ಧಸಕ್ಕೆನ್ನುವ ಗಳಿಗೆ ನನಗೆ ಮತ್ತೆ ಸಿಗಲಿಲ್ಲ.

ಒಳ್ಳೆಯ ನಟನೆಯನ್ನು ಗುರುತಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನು ಮೊದಲು ನೋಡುವುದು ಮಾತಾಡುತ್ತಿರುವವರನ್ನಲ್ಲ, ಕೇಳಿಸಿಕೊಳ್ಳುತ್ತಿರುವವರನ್ನು. ಮಾತಿಗೆ ಬರಹಗಾರರ ಆಸರೆಯಿದೆ. ಕೇಳುವಾಗ ನಟ ಒಂಟಿ. ಎದುರಿನವರ ಮಾತು ಮುಗಿಯುವುದನ್ನೇ ಕಾಯುತ್ತ, ತನ್ನ ಸರದಿಗೆ ಸಿದ್ಧವಾಗಿ ನಿಂತ ನಟನ ಕಣ್ಣು ಬಲು ಬೇಗ ಸಿಕ್ಕಿಬೀಳುತ್ತದೆ. 2006ರ ಕೊನೆಗೆ ಬಿಡುಗಡೆಯಾದ ‘ಮುಂಗಾರು ಮಳೆ’ಯ ಬಗ್ಗೆ ನಿಮ್ಮ ಗೆಳತಿಯರಿಗೆ ನಾನು ಕೊಡುವ ಉತ್ತರವೂ ಇದೇ. ಕಥೆ ಮಡಿಕೇರಿಯದಾದರೂ ಸಕಲೇಶಪುರ, ಜೋಗದ ಕಡೆಗಳಲ್ಲೂ ಚಿತ್ರೀಕರಣ ನಡೆದದ್ದರಿಂದ ಬೆಟ್ಟ ಪೂರ್ತಿ ನಮ್ಮದೇ ಎಂದು ಹಕ್ಕು ಸ್ಥಾಪಿಸಲು ಬರುವುದಿಲ್ಲ. ಛಾಯಾಗ್ರಾಹಕ ಎಸ್. ಕೃಷ್ಣ ಹಿಡಿದ ಮಳೆ ಅಪೂರ್ವವಾದದ್ದು, ನಿಜ. ಆದರೂ ಯೋಗರಾಜ್ ಭಟ್ಟರ ಜಾಣ್ಮೆ ನನಗೆ ಕಾಣುವುದು ಬೇರೊಂದು ಕಡೆ. ಗಣೇಶ್ ಅವರ ಪ್ರೀತಮ್ ಮಾತಿನ ಮಲ್ಲ. ಮೊಲದೊಡನೆಯೂ ಮಾತು ನಿಲ್ಲಿಸದವನು. ಅಂಥವನ ಎದುರಿಗೆ ನಾಯಕಿಯ ತಂದೆಯಾದ, ಅನಂತನಾಗ್ ಅವರ ಸುಬ್ಬಯ್ಯನನ್ನು ತಂದು ನಿಲ್ಲಿಸಿ, ಆ ತಂದೆ ಮಗಳ ಮದುವೆಯ ವಿಷಯವಾಗಿ ಹುಡುಗನನ್ನು ನಂಬಿ ಮನಸ್ಸು ಬಿಚ್ಚುವಾಗ ಪ್ರೀತಮ್‌ನ ಬಾಯಿ ಕಟ್ಟಿಹಾಕುತ್ತಾರೆ. ಅವಳನ್ನು ಪ್ರೀತಿಸುತ್ತಿದ್ದೇನೆ ಎಂದು ಹೇಳಬೇಕಾದ ಒಂದೇ ಒಂದು ಮಾತನ್ನು ಅವನು ನುಂಗಿಕೊಳ್ಳಬೇಕು. ಅಲ್ಲಿ ಗಣೇಶ್ ಕೇಳಿಸಿಕೊಳ್ಳುವ ರೀತಿಯಿಂದಾಗಿ ಚಿತ್ರದ ಅಂತ್ಯ ನಂಬುವಂತಾಗಿದೆ. ಮಳೆ ಎಷ್ಟು ಸುರಿದರೂ ಆ ನುಂಗುವ ಕೆಲಸವನ್ನು ಮಾಡಲಾರದು.

ಅನಂತನಾಗ್ ಅವರ ವಿಷಯ ಬಂದದ್ದರಿಂದ ಒಂದು ಮಾತು. ಹೇಮಂತ್ ರಾವ್ ನಿರ್ದೇಶನದ, 2016ರಲ್ಲಿ ಬಂದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅವರು ಆಲ್ಝೈಮರ್ ಕಾಯಿಲೆಯ ತಂದೆ. ಮರೆವನ್ನು ತೋರಿಸಲು ಹುಬ್ಬು ಗಂಟಿಕ್ಕುವುದು, ತಲೆ ಕೆರೆದುಕೊಳ್ಳುವುದು ನಮ್ಮಲ್ಲಿ ರೂಢಿಯಾದ ವಿಧಾನ. ಅವರು ಅದಾವುದನ್ನೂ ಮಾಡುವುದಿಲ್ಲ. ಮರೆತವನಿಗೆ ತಾನು ಮರೆತಿದ್ದೇನೆಂಬುದೇ ತಿಳಿದಿಲ್ಲ ಎಂಬಂತೆ, ಪೂರ್ಣ ವಿಶ್ವಾಸದಿಂದ ಇರುತ್ತಾರೆ. ತಳಮಳವೆಲ್ಲ ಎದುರಿಗಿರುವವರ ಪಾಲಿಗೆ ಹೋಗುತ್ತದೆ. ತನ್ನ ಭಾರವನ್ನು ಎದುರಿನ ನಟನಿಗೆ ದಾಟಿಸಿ ಅವನನ್ನೂ ಬೆಳೆಸುವ ಇಂಥ ಔದಾರ್ಯ ನನ್ನ ಲೆಕ್ಕದಲ್ಲಿ ನಟನೆಯ ಬಹು ದೊಡ್ಡ ಗುಣ.

ನಾನು ಎರಡನೆಯದಾಗಿ ನೋಡುವುದು ಕೈಗಳನ್ನು ಮತ್ತು ಬೆನ್ನನ್ನು. ಕೊಡಗಿನವರಾದ ನಮಗೆ ಇದು ಸುಲಭದ ಪರೀಕ್ಷೆ. ಕಾಫಿ ಕೊಯ್ಲು ನೋಡಿ ಬೆಳೆದವರಿಗೆ ಗೊತ್ತು: ಕೆಲಸದವರ ಕೈ ಕೊಂಬೆಯ ಉದ್ದಕ್ಕೂ ಸರಸರನೆ ಸರಿಯುತ್ತದೆ, ಕಣ್ಣು ಆಗಲೇ ಮುಂದಿನ ಕೊಂಬೆಯಲ್ಲಿರುತ್ತದೆ, ಹಣ್ಣು ಬೀಳುವುದು ಸೊಂಟಕ್ಕೆ ಕಟ್ಟಿದ ಚೀಲಕ್ಕೆ. ತೆರೆಯ ಮೇಲೆ ನಾಯಕಿ ಮಲ್ಲಿಗೆ ಬಿಡಿಸಿದಂತೆ ಒಂದೊಂದೇ ಹಣ್ಣನ್ನು ಎರಡು ಬೆರಳಲ್ಲಿ ಕಿತ್ತು ಮುಗುಳ್ನಕ್ಕರೆ ನಾವು ಆ ಪಾತ್ರವನ್ನು ನಂಬುವುದಿಲ್ಲ. ಕೊಡವ ಸೀರೆಯದೂ ಅಷ್ಟೇ. ನೆರಿಗೆ ಹಿಂದಕ್ಕೆ, ಸೆರಗು ಬಲಭುಜಕ್ಕೆ ಬರುವಂತೆ ಉಡಿಸುವುದು ವಸ್ತ್ರವಿನ್ಯಾಸಕರಿಗೆ ಕಷ್ಟವಲ್ಲ. ಆದರೆ ಅದನ್ನು ದಿನವೂ ಉಟ್ಟವರು ಕೂರುವಾಗ ಕೈ ತಾನಾಗಿ ಹಿಂದೆ ಹೋಗಿ ನೆರಿಗೆಯನ್ನು ಸರಿಪಡಿಸುತ್ತದೆ. ಆ ಕೈ ಹಿಂದೆ ಹೋಯಿತೇ ಎಂದು ನೋಡಿ. ಹೋಗದಿದ್ದರೆ ಉಡುಪು ಬದಲಾಗಿದೆ, ಒಳಗಿನ ವ್ಯಕ್ತಿ ಬದಲಾಗಿಲ್ಲ.

ಈ ದೃಷ್ಟಿಯಿಂದ ವಿಷ್ಣುವರ್ಧನ್ ಅವರ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಲು ನಾನು ಯಾವಾಗಲೂ ಹೇಳುತ್ತೇನೆ. 1972ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣನವರ ಕೈಯಲ್ಲಿ ಅವರು ರಾಮಾಚಾರಿ. ಮೈಯೆಲ್ಲ ಸ್ಪ್ರಿಂಗಿನಂತೆ ಬಿಗಿದು, ಮಾತಿಗಿಂತ ಮೊದಲು ಭುಜ ಮುನ್ನುಗ್ಗುತ್ತದೆ, ಕೆ.ಎಸ್. ಅಶ್ವಥ್ ಅವರ ಚಾಮಯ್ಯ ಮೇಷ್ಟರ ಎದುರಿನಲ್ಲಿ ಮಾತ್ರ ಅದೇ ಮೈ ಸಡಿಲವಾಗಿ ಹುಡುಗನದಾಗುತ್ತದೆ. ಹದಿನೆಂಟು ವರ್ಷಗಳ ನಂತರ, 1990ರ ‘ಮುತ್ತಿನ ಹಾರ’ದಲ್ಲಿ, ನಿರ್ದೇಶಕ ಎಸ್.ವಿ. ರಾಜೇಂದ್ರಸಿಂಗ್ ಬಾಬು ವಿಷ್ಣುವರ್ಧನ್ ಅವರನ್ನು ಮಡಿಕೇರಿಯ ಯೋಧ ಅಚ್ಚಪ್ಪನನ್ನಾಗಿ ಮಾಡಿದರು. ನಮ್ಮ ಮನೆಗಳಲ್ಲಿ ನಿವೃತ್ತ ಸೈನಿಕರಿಗೆ ಬರವಿಲ್ಲ. ಸಮವಸ್ತ್ರ ಕಳಚಿ ಎಷ್ಟು ವರ್ಷವಾದರೂ ಅವರು ಕುರ್ಚಿಯಲ್ಲಿ ಕೂರುವ, ಬಾಗಿಲಲ್ಲಿ ನಿಲ್ಲುವ ಕ್ರಮ ಬದಲಾಗುವುದಿಲ್ಲ. ವಿಷ್ಣುವರ್ಧನ್ ಆ ನೆಟ್ಟಗಿನ ಬೆನ್ನನ್ನು ಕಂಡುಕೊಂಡರು. ದುಃಖದ ದೃಶ್ಯಗಳಲ್ಲೂ ಅದನ್ನು ಬಗ್ಗಿಸುವ ಆತುರ ಅವರಿಗಿಲ್ಲ, ಆದ್ದರಿಂದಲೇ ಕಣ್ಣು ತುಂಬಿದಾಗ ನಮಗೆ ತಡೆಯಲಾಗುವುದಿಲ್ಲ. ಯುದ್ಧದ ದೃಶ್ಯಗಳ ವಿಸ್ತಾರ, ಹಂಸಲೇಖ ಅವರ ಸಂಗೀತ ಎಲ್ಲವನ್ನೂ ಜನ ಹೊಗಳುತ್ತಾರೆ. ನನಗೆ ಆ ಬೆನ್ನು ಅವೆಲ್ಲಕ್ಕಿಂತ ಹೆಚ್ಚು.

ನಿರ್ದೇಶಕರ ಕೈಯನ್ನು ನೇರವಾಗಿ ಕಾಣಬೇಕಾದರೆ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ ನೋಡಿ. 1977ರ ಕಪ್ಪು ಬಿಳುಪು ಚಿತ್ರ, ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಪಡೆದದ್ದು. ವಿಧವೆ ಯಮುನಕ್ಕನ ಪಾತ್ರದಲ್ಲಿ ಮೀನಾ ಕುಟ್ಟಪ್ಪ, ಅವಳ ಮೇಲೆ ಜೀವ ಇಟ್ಟುಕೊಂಡ ಬಾಲಕ ನಾಣಿಯಾಗಿ ಅಜಿತ್ ಕುಮಾರ್. ಊರೆಲ್ಲ ತೀರ್ಪು ಕೊಡಲು ನಿಂತ ಕಥೆಯನ್ನು ಕಾಸರವಳ್ಳಿಯವರು ಬಹುಮಟ್ಟಿಗೆ ಹುಡುಗನ ಕಣ್ಣಿನಿಂದ ಕಾಣಿಸುತ್ತಾರೆ. ಯಮುನಕ್ಕ ಹುತ್ತಕ್ಕೆ ಕೈಯಿಡುವಾಗ ಅದನ್ನು ನೋಡುತ್ತಿರುವ ನಾಣಿಗೆ ಪೂರ್ತಿ ಅರ್ಥವಾಗದು; ಅವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುವುದರಿಂದ ಭಯ ಇಮ್ಮಡಿಸುತ್ತದೆ. ಮೀನಾ ಕುಟ್ಟಪ್ಪ ಅವರು ಹೆಚ್ಚು ಮಾಡಲು ಹೋಗದಿರುವುದು ಎಷ್ಟು ಸರಿಯೋ, ಕ್ಯಾಮೆರಾ ಅವರನ್ನು ಪೀಡಿಸದೆ ದೂರ ಉಳಿಯುವುದೂ ಅಷ್ಟೇ ಸರಿ. ಇದು ತಗ್ಗಿನ ಶ್ರುತಿಯ ಚಿತ್ರ. ‘ಶರಪಂಜರ’ದ ಕಾವೇರಿಯನ್ನು ಇಲ್ಲಿಗೆ ತಂದರೆ ಚಿತ್ರ ಒಡೆಯುತ್ತದೆ, ಯಮುನಕ್ಕನನ್ನು ಅಲ್ಲಿಗೆ ಕಳಿಸಿದರೆ ಅವಳು ಕಾಣಿಸುವುದೇ ಇಲ್ಲ.

ನಿಮ್ಮ ಮಾವನೊಡನೆ ಮತ್ತೊಮ್ಮೆ ಕೂರುವಿರಾದರೆ ಒಂದು ವಿನಂತಿ. ಕಾವೇರಿ ಆಸ್ಪತ್ರೆಯಿಂದ ಮನೆಗೆ ಮರಳಿದ ನಂತರದ ದೃಶ್ಯಗಳನ್ನು ಎರಡು ಸಲ ಹಾಕಿ. ಮೊದಲ ಸಲ ಕಲ್ಪನಾ ಅವರನ್ನು ನೋಡಲೇಬೇಡಿ. ಕೋಣೆಯಲ್ಲಿರುವ ಉಳಿದವರ ಮುಖಗಳನ್ನು, ಅವರು ಅವಳ ಕಡೆ ಯಾವಾಗ ತಿರುಗುತ್ತಾರೆ, ಯಾವಾಗ ದೃಷ್ಟಿ ತಪ್ಪಿಸುತ್ತಾರೆ ಎಂಬುದನ್ನು ಮಾತ್ರ ನೋಡಿ. ಎರಡನೆಯ ಸಲ ದನಿಯನ್ನು ಪೂರ್ತಿ ತಗ್ಗಿಸಿ ಕಲ್ಪನಾ ಅವರ ಕೈಗಳನ್ನಷ್ಟೇ ನೋಡಿ. ಚಿತ್ರದ ಮೊದಲ ಭಾಗದಲ್ಲಿ ಗಾಳಿಯಲ್ಲಿ ಹಾರಾಡುತ್ತಿದ್ದ ಆ ಕೈಗಳು ಈಗ ಎಲ್ಲಿವೆ ಎಂಬುದನ್ನು ಗಮನಿಸಿದ ಮೇಲೂ ಅದು ಅತಿ ಎಂದೇ ನಿಮಗನ್ನಿಸಿದರೆ ನನಗೆ ಮತ್ತೆ ಬರೆಯಿರಿ. ಯಾವ ಶಾಟ್‌ನಲ್ಲಿ ಹಾಗನ್ನಿಸಿತು ಎಂಬುದನ್ನು ಮಾತ್ರ ಮರೆಯದೆ ಗುರುತು ಹಾಕಿಕೊಂಡು ಬರೆಯಿರಿ.